ಹುಡುಕುವ ದೇವರು, ಬಾಗಿಲಲ್ಲಿ ನಿಂತ ನಾವು

(ಬಳ್ಳಾರಿಯ ಒಂದು ಕ್ರೈಸ್ತ ಸಭೆಯಲ್ಲಿ ಲೆಂತು ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ, ಸಂಜೆ ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಸಭಾಪಾಲಕರಿಗೆ, ಅಮ್ಮಂದಿರಿಗೆ, ಅಣ್ಣ ತಮ್ಮಂದಿರಿಗೆ ಕರ್ತನ ಹೆಸರಿನಲ್ಲಿ ವಂದನೆ.

ಈಗ ಓದಿದ ಭಾಗ ಲೂಕನ ಸುವಾರ್ತೆಯ 15ನೇ ಅಧ್ಯಾಯ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಬಾಯಿಪಾಠ. ಸಂಡೇ ಸ್ಕೂಲಿನಲ್ಲಿ ನಾಟಕ ಆಡಿದ್ದೇವೆ, ಹಾಡು ಕಟ್ಟಿ ಹಾಡಿದ್ದೇವೆ. ಈ ಅಧ್ಯಾಯ ಕನ್ನಡದ ಬಾಯಿಗೆ ಬಂದದ್ದರಲ್ಲಿ ಈ ಊರಿನ ಪಾಲು ದೊಡ್ಡದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಇಲ್ಲೇ ಕನ್ನಡ ಕಲಿತು, ಇಲ್ಲಿನವರ ನೆರವಿನಿಂದ ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು. ಅಂದರೆ ಹೆಚ್ಚೂ ಕಡಿಮೆ ಇನ್ನೂರು ವರ್ಷದಿಂದ ನಾವು ಈ ಕಥೆಯನ್ನು ನಮ್ಮ ಮಾತಿನಲ್ಲೇ ಕೇಳುತ್ತಿದ್ದೇವೆ.

ಇಷ್ಟು ಪರಿಚಯದ ಕಥೆಯಲ್ಲಿ ಒಂದು ವಿಷಯ ಕೈತಪ್ಪಿ ಹೋಗುತ್ತದೆ. ಯೇಸು ಇದನ್ನು ಯಾರಿಗೆ ಹೇಳಿದ? ಮೊದಲ ಎರಡು ವಚನ ನೋಡಿ. ಸುಂಕದವರೂ ಪಾಪಿಗಳೂ ಆತನ ಮಾತು ಕೇಳಲು ಹತ್ತಿರ ಬರುತ್ತಿದ್ದಾರೆ. ಧರ್ಮದ ಕಟ್ಟಳೆಗಳನ್ನು ಬಿಗಿಯಾಗಿ ಪಾಲಿಸುವ ಫರಿಸಾಯರೂ ಶಾಸ್ತ್ರಿಗಳೂ ಗೊಣಗುತ್ತಿದ್ದಾರೆ. ಇವನು ಇಂಥವರನ್ನು ಸೇರಿಸಿಕೊಳ್ಳುತ್ತಾನೆ, ಅವರ ಜೊತೆ ಊಟಕ್ಕೂ ಕೂರುತ್ತಾನೆ ಅನ್ನೋದು ಅವರ ದೂರು. ಕಳೆದುಹೋದ ಕುರಿ, ನಾಣ್ಯ, ಮಗ ಈ ಮೂರು ಸಾಮ್ಯಗಳೂ, ಅಂದರೆ ದೃಷ್ಟಾಂತ ಕಥೆಗಳೂ, ಆ ಗೊಣಗಾಟಕ್ಕೆ ಕೊಟ್ಟ ಉತ್ತರ. ಹಾದಿ ತಪ್ಪಿದವರು ಪಕ್ಕದಲ್ಲಿ ಕೂತು ಕೇಳಿಸಿಕೊಂಡರು, ನಿಜ. ಆದರೆ ಯೇಸು ಮುಖ ಮಾಡಿ ಹೇಳಿದ್ದು ದೇವರ ಮನೆಗೆ ತಪ್ಪದೆ ಬರುವವರಿಗೆ. ಇಲ್ಲಿ ಕೂತಿರೋ ನಮಗೆ.

ಆದ್ದರಿಂದ ನಾನು ಒಂದೇ ಮಾತು ಹೇಳಲು ಬಂದಿದ್ದೇನೆ. ಹುಡುಕುವ ಕೆಲಸ ದೇವರದ್ದು. ಅದನ್ನು ಆತ ಯಾವ ಕಾಲದಲ್ಲೂ ಬಿಟ್ಟಿಲ್ಲ. ಸಿಕ್ಕವನಿಗೆ ಒಳಗೆ ಜಾಗ ಮಾಡಿಕೊಡುವ ಕೆಲಸ ನಮ್ಮದು. ಅದರಲ್ಲಿ ನಾವು ಬಹಳ ಹಿಂದೆ ಬಿದ್ದಿದ್ದೇವೆ.

ಕುರಿಯ ಸಾಮ್ಯವನ್ನು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಳ್ಳಾರಿ ಹೆಸರಿನ ಕುರಿ ತಳಿಯೇ ಇದೆ. ಸುಗ್ಗಿ ಮುಗಿದ ಮೇಲೆ ಹಿಂಡುಗಳು ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಿಗೆ ಇಳಿಯುತ್ತವೆ. ಗೊಬ್ಬರ ಆಗುತ್ತದೆ ಅಂತ ಹೊಲದವರು ರಾತ್ರಿ ಕುರಿ ತರುಬಿಸಿಕೊಳ್ಳುತ್ತಾರೆ. ಕುಷ್ಟಗಿ ಹತ್ತಿರ ಒಂದು ಸಂಜೆ ಬಲೆ ಕಟ್ಟಿ ದೊಡ್ಡಿ ಮಾಡುತ್ತಿದ್ದ ಒಬ್ಬ ಹಿರಿಯ ಕುರಿಗಾರರ ಜೊತೆ ಮಾತಿಗೆ ಕೂತಿದ್ದೆ. ಇಷ್ಟೊಂದು ಕುರಿಯಲ್ಲಿ ಒಂದು ಕಡಿಮೆಯಾದರೆ ಹೇಗೆ ಗೊತ್ತಾಗುತ್ತದೆ, ದಿನಾ ಎಣಿಸುತ್ತೀರಾ ಅಂತ ಕೇಳಿದೆ.

"ಎಣಿಸೂದು ಮಾರೂವಾಗ್ರಿ. ದಿನಾ ಮಕ ನೋಡ್ತೀವಿ" ಅಂದರು.

ತಪ್ಪಿಸಿಕೊಂಡದ್ದು ತಾನಾಗಿ ವಾಪಸ್ ಬರುತ್ತದಾ ಅಂದೆ. ಅವರು ತಲೆ ಆಡಿಸಿದರು. "ಎಲ್ಲಿ ಬರ್ತದ್ರಿ. ಹೆದರಿ ಯಾವುದರ ಜಾಲಿ ಗಿಡದ ಬುಡಕ ನಿಂತಿರ್ತದ. ನಾವು ಕೂಗಿದ್ರೂ ಒದರಂಗಿಲ್ಲ. ಸಿಕ್ಕಮ್ಯಾಲೂ ಕಾಲು ಎತ್ತಂಗಿಲ್ಲ. ಹೊತ್ಕೊಂಡೇ ಬರಬೇಕು."

ಬೆಳೆದ ಕುರಿ 25–30 ಕಿಲೋ ತೂಗುತ್ತದೆ. ಕೊಪ್ಪಳದ ಕುರುಚಲಿನಲ್ಲಿ ಇವತ್ತಿಗೂ ತೋಳ ಇವೆ. ಕತ್ತಲಲ್ಲಿ ಆ ಭಾರ ಹೊತ್ತು ಬರೋದು ಸಣ್ಣ ಕೆಲಸ ಅಲ್ಲ. ಯೇಸು ಹೇಳಿದ ಕುರುಬನೂ ಕುರಿ ಸಿಕ್ಕ ಕೂಡಲೇ ಅದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ. ಅದೂ ಸಂತೋಷದಿಂದ. ಬೈಯುತ್ತಾ ಬಂದ, ಕೋಲಿನಿಂದ ಎರಡು ಬಾರಿಸಿದ ಅಂತ ಬರೆದಿಲ್ಲ.

ಈ ಕಥೆಯಲ್ಲಿ ಕುರಿ ಏನು ಮಾಡಿತು ಹೇಳಿ? ಏನೂ ಮಾಡಲಿಲ್ಲ. ಅದು ಅರಿಕೆ ಮಾಡಲಿಲ್ಲ, ತೀರ್ಮಾನ ತೆಗೆದುಕೊಳ್ಳಲಿಲ್ಲ, ದಾರಿಯನ್ನೂ ಹುಡುಕಲಿಲ್ಲ. ಅದು ಕಳೆದುಹೋಗಿತ್ತು, ಅಷ್ಟೇ. ಪಾಪಿಯ ಮಾನಸಾಂತರದಿಂದ, ಅಂದರೆ ಅವನ ಮನಸ್ಸು ದೇವರ ಕಡೆ ತಿರುಗುವುದರಿಂದ, ಪರಲೋಕದಲ್ಲಿ ಸಂತೋಷ ಆಗುತ್ತದೆ ಅಂತ ಯೇಸು ಹೇಳುವುದು ಕುರಿ ಮನೆಗೆ ಬಂದ ಮೇಲೆ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ಕುಡಿತ ಬಿಡು, ಮೊದಲು ಸಾಲ ತೀರಿಸು, ಮೊದಲು ಹೆಂಡತಿ ಜೊತೆ ಸರಿ ಮಾಡಿಕೊ, ಆಮೇಲೆ ಸಭೆಗೆ ಬಾ ಅನ್ನುತ್ತೇವೆ. ಜಾಲಿ ಗಿಡದ ಬುಡದಲ್ಲಿ ನಡುಗುತ್ತಾ ನಿಂತ ಕುರಿಗೆ ನೀನೇ ನಡೆದು ಬಾ ಅಂದಹಾಗೆ.

ಸತ್ಯವೇದದ ಮೊದಲ ಪುಟಗಳಿಂದಲೂ ದೇವರು ಹೀಗೇ. ಆದಾಮ ಮರಗಳ ಹಿಂದೆ ಅಡಗಿದಾಗ ತೋಟದಲ್ಲಿ ಕೇಳಿದ ಮೊದಲ ಪ್ರಶ್ನೆ, ನೀನು ಎಲ್ಲಿದ್ದೀ ಅನ್ನೋದು. ಯೆಹೆಜ್ಕೇಲನ 34ನೇ ಅಧ್ಯಾಯದಲ್ಲಿ ದೇವರು ಕುರುಬರ ಮೇಲೆ ಸಿಟ್ಟಾಗುತ್ತಾನೆ. ಕೊಬ್ಬಿದ ಕುರಿ ತಿಂದಿರಿ, ಉಣ್ಣೆ ಹೊದ್ದಿರಿ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ ಅನ್ನುತ್ತಾನೆ. ಆಮೇಲೆ, ಇನ್ನು ನಾನೇ ನನ್ನ ಕುರಿಗಳನ್ನು ಹುಡುಕುತ್ತೇನೆ ಅನ್ನುತ್ತಾನೆ. ಸಭೆಯ ಹಿರಿಯರು ಅನ್ನಿಸಿಕೊಂಡ ನಾವೆಲ್ಲ ಆ ಅಧ್ಯಾಯವನ್ನು ವರ್ಷಕ್ಕೊಮ್ಮೆಯಾದರೂ ನಿಧಾನವಾಗಿ ಓದಬೇಕು. ಯೆರಿಕೋದಲ್ಲಿ ಸುಂಕದವನಾದ ಜಕ್ಕಾಯ ಮರ ಹತ್ತಿ ಯೇಸುವನ್ನು ನೋಡಲು ಕೂತಿದ್ದ. ಆದರೆ ನಿಂತು, ತಲೆ ಎತ್ತಿ, ಹೆಸರು ಹಿಡಿದು ಕರೆದವನು ಯೇಸು. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಜಕ್ಕಾಯ ಹೇಳಿದ್ದು ಯೇಸು ಅವನನ್ನು ಕರೆದ ಮೇಲೆ.

ನಾಣ್ಯದ ಸಾಮ್ಯವನ್ನು ನಾವು ಬೇಗ ದಾಟಿಬಿಡುತ್ತೇವೆ. ಹತ್ತು ನಾಣ್ಯ ಇದ್ದ ಹೆಂಗಸು, ಒಂದು ಕಳೆದಿದೆ. ಆಕೆ ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಗುವ ತನಕ ಹುಡುಕುತ್ತಾಳೆ. ದೇವರನ್ನು ಪೊರಕೆ ಹಿಡಿದ ಹೆಂಗಸಿನ ಜಾಗದಲ್ಲಿ ಇಟ್ಟು ಯೇಸು ಮಾತಾಡಿದ್ದಾನೆ. ಇದು ನಮ್ಮ ಅಮ್ಮಂದಿರಿಗೆ ಎಷ್ಟು ದೊಡ್ಡ ಗೌರವ ಅಂತ ನಾವು ಸಾಕಷ್ಟು ಹೇಳುವುದಿಲ್ಲ. ಇನ್ನೊಂದು ಸಂಗತಿ ಇದೆ. ಕುರಿ ಕಳೆದದ್ದು ಅಡವಿಯಲ್ಲಿ, ಮಗ ಕಳೆದದ್ದು ದೂರದೇಶದಲ್ಲಿ. ನಾಣ್ಯ ಕಳೆದದ್ದು ಮನೆಯೊಳಗೇ.

ಪ್ರತಿ ಭಾನುವಾರ ಬಂದು, ಕಾಣಿಕೆ ಹಾಕಿ, ಹಾಡಿ ಹೋಗುವವರಲ್ಲೂ ಕಳೆದುಹೋದವರು ಇದ್ದಾರೆ. ಯಾರಿಗೂ ಗೊತ್ತಾಗೋದಿಲ್ಲ, ಕೆಲವೊಮ್ಮೆ ಅವರಿಗೇ ಗೊತ್ತಿರೋದಿಲ್ಲ. 119ನೇ ಕೀರ್ತನೆ ಎಲ್ಲ ಕೀರ್ತನೆಗಳಲ್ಲಿ ಉದ್ದವಾದದ್ದು. 176 ವಚನ. ದೇವರ ಆಜ್ಞೆ ಎಷ್ಟು ಸಿಹಿ, ಅದನ್ನು ಎಷ್ಟು ಪ್ರೀತಿಸುತ್ತೇನೆ ಅಂತ ಉದ್ದಕ್ಕೂ ಹೇಳಿದ ಮನುಷ್ಯ ಕೊನೆಯ ವಚನದಲ್ಲಿ, ತಪ್ಪಿಹೋದ ಕುರಿಯ ಹಾಗೆ ಅಲೆಯುತ್ತಿದ್ದೇನೆ, ನಿನ್ನ ಸೇವಕನನ್ನು ಹುಡುಕು ಅನ್ನುತ್ತಾನೆ. ಅಷ್ಟೆಲ್ಲ ವಚನ ಬಲ್ಲವನೇ ಹೀಗೆ ಬೇಡಿಕೊಳ್ಳುವಾಗ ನಮ್ಮ ಪಾಡು ಏನು?

ಈಗ ಮಗನ ಕಥೆ. ಅಪ್ಪ ಬದುಕಿರುವಾಗಲೇ ಪಾಲು ಕೇಳಿದ. ಧರ್ಮೋಪದೇಶಕಾಂಡದ ಪ್ರಕಾರ ಹಿರಿಯ ಮಗನಿಗೆ ಎರಡು ಪಾಲು. ಇಬ್ಬರೇ ಮಕ್ಕಳಾದ್ದರಿಂದ ಕಿರಿಯವನಿಗೆ ಬಂದದ್ದು ಮೂರರಲ್ಲಿ ಒಂದು ಭಾಗ. ನಮ್ಮ ಊರುಗಳಲ್ಲಿ ಪಾಲಿನ ಮಾತು ಎದ್ದಾಗ ಮನೆಯ ವಾತಾವರಣ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಆ ಅಪ್ಪ ಜಗಳ ಆಡಲಿಲ್ಲ, ಹಂಚಿ ಕೊಟ್ಟ.

ನನಗೆ ಗೊತ್ತಿರುವ ಒಬ್ಬರ ವಿಷಯ ಹೇಳುತ್ತೇನೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಮಾತ್ರ ಬೇಡ. ಚೀನಾದಲ್ಲಿ ಅದಿರಿಗೆ ಬೇಡಿಕೆ ಏರಿದ ಆ ವರ್ಷಗಳು ನಿಮಗೆ ನೆನಪಿವೆ. ಸಂಡೂರಿನಿಂದ ಹೊಸಪೇಟೆ ತನಕ ರಸ್ತೆ, ಮರ, ಮನೆಯ ಗೋಡೆ ಎಲ್ಲ ಕೆಂಪು. ಅವರು ಅಪ್ಪನ ಹತ್ತಿರ ಪಾಲು ಕೇಳಿ, ಹೊಲ ಮಾರಿ, ಉಳಿದದ್ದಕ್ಕೆ ಫೈನಾನ್ಸ್ ತೆಗೆದು ಲಾರಿ ಇಳಿಸಿದರು. ದುಡ್ಡು ಬಂತು. ದುಡ್ಡಿನ ಹಿಂದೆ ಮಟ್ಕಾ ಬಂತು, ಕುಡಿತ ಬಂತು. ಮನೆ ಕಡೆ ಬರೋದು ನಿಂತಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಬೇಕಾದದ್ದೇ ಆಯಿತು. ಬೆಟ್ಟಗಳನ್ನು ಅಷ್ಟು ಬಗೆದಿದ್ದರು. ಆದರೆ ಲಾರಿ ನಂಬಿದವರ ಪಾಲಿಗೆ ಅದು ಬರವೇ. ಕಂತು ಕಟ್ಟಲಾಗದೆ ಲಾರಿ ಹೋಯಿತು. ಸಾಲಗಾರರಿಗೆ ಹೆದರಿ ಸಿಮ್ ಬದಲಾಯಿಸಿದರು, ಊರು ಬದಲಾಯಿಸಿದರು.

ಅವರನ್ನು ಹುಡುಕಿದ್ದು ಅವರ ಅಕ್ಕ. ಹೆಚ್ಚು ಓದಿದವರಲ್ಲ. ಚೀಟಿಯ ಮೇಲೆ ತಮ್ಮನ ಹೆಸರು, ತನ್ನ ನಂಬರ್ ಬರೆಸಿ, ಬೈಪಾಸ್ ಢಾಬಾದಲ್ಲಿ ಊಟಕ್ಕೆ ನಿಲ್ಲುವ ಡ್ರೈವರ್‌ಗಳಿಗೆ ಕೊಡುತ್ತಿದ್ದರು. ಎಷ್ಟೋ ಕಾಲ ಆದ ಮೇಲೆ ಒಬ್ಬ ಕ್ಲೀನರ್ ಹುಡುಗ ಫೋನ್ ಮಾಡಿದ. ನೆಲ್ಲೂರು ಕಡೆ ಒಂದು ಶೆಡ್ಡಿನಲ್ಲಿ ಲಾರಿ ತೊಳೆಯುತ್ತಿದ್ದಾನೆ ಅಂದ. ಅಕ್ಕ ರಾತ್ರಿ ಬಸ್ಸು ಹಿಡಿದು ಹೋದರು. ಎದುರು ನಿಂತಾಗ ತಮ್ಮನ ಕೈಯಲ್ಲಿ ನೀರಿನ ಪೈಪು, ಮೈಯೆಲ್ಲ ಗ್ರೀಸು. ಅಕ್ಕ ಹೇಳಿದ್ದು ಇಷ್ಟೇ: "ಅಪ್ಪ ಬೋರಿನ ಮೋಟರ್ ಎತ್ತಿಸಬೇಕಂತಾನ. ಒಬ್ಬನ ಕೈಲಿ ಆಗಂಗಿಲ್ಲ. ಬಾ." ಸ್ನಾನ ಮಾಡಿ ಬರ್ತೀನಿ ಅಂದನಂತೆ ತಮ್ಮ. ಬೇಡ, ಹಿಂಗೇ ಬಾ, ಬಸ್ಸು ಹೋಗ್ತದ ಅಂದರಂತೆ ಅಕ್ಕ.

ಆ ಹೊತ್ತಿಗೆ ಪ್ರಾರ್ಥನೆ ಮಾಡೋದನ್ನು ಬಿಟ್ಟು ವರ್ಷಗಳೇ ಆಗಿದ್ದವು ಅಂತ ಅವರೇ ಹೇಳುತ್ತಾರೆ. ನಾನು ದೇವರ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ ಅನ್ನುತ್ತಾರೆ. ಇದನ್ನು ನಾನು ಪೂರ್ತಿ ನಂಬುತ್ತೇನೆ. ದೇವರು ಹುಡುಕುವಾಗ ಆಕಾಶದಿಂದ ಧ್ವನಿಯೇ ಬರಬೇಕು ಅಂತಿಲ್ಲ. ಚೀಟಿ ಹಿಡಿದು ಢಾಬಾದಲ್ಲಿ ನಿಂತ ಅಕ್ಕನಾಗಿಯೂ ಆತ ಬರುತ್ತಾನೆ.

ಸಾಮ್ಯದ ಹುಡುಗ ದೂರದೇಶದಲ್ಲಿ ಪಾಲನ್ನೆಲ್ಲ ಹಾಳುಮಾಡಿ, ಬರ ಬಂದು ಹಸಿದಾಗ ಮನೆಗೆ ಹೊರಟ, ದಾರಿಯುದ್ದಕ್ಕೂ ಮಾತು ಸಿದ್ಧ ಮಾಡಿಕೊಂಡು ಬಂದ. ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯಾಳಾಗಿ ಇಟ್ಟುಕೊ. ಈ ಮೂರನ್ನೂ ಹೇಳಬೇಕು ಅಂತ ಬಂದವನು ಎರಡನ್ನು ಹೇಳುವಷ್ಟರಲ್ಲಿ ಅಪ್ಪ ಆಳುಗಳಿಗೆ ಅಂಗಿ ತನ್ನಿ, ಉಂಗುರ ತನ್ನಿ, ಜೋಡು ತನ್ನಿ ಅಂದುಬಿಟ್ಟ. ಕೂಲಿಯ ಮಾತು ಬಾಯಲ್ಲೇ ಉಳಿಯಿತು. ಅದಕ್ಕೂ ಮೊದಲು ಅಪ್ಪ ಓಡಿದ್ದ. ಆಸ್ತಿವಂತ ಮನೆಯ ಯಜಮಾನ ಬಟ್ಟೆ ಎತ್ತಿ ಹಿಡಿದು, ಜನ ನೋಡುತ್ತಿರುವಾಗ ಓಡಿದ. ಅಂಥವರು ನಮ್ಮ ಊರಲ್ಲಿ ಓಡುತ್ತಾರಾ? ಹುಡುಗ ಅನುಭವಿಸಬೇಕಾಗಿದ್ದ ನಾಚಿಕೆಯನ್ನು ಅಪ್ಪ ತನ್ನ ಮೇಲೆ ಎಳೆದುಕೊಂಡ. ಇಲ್ಲಿ ನನಗೆ ಶಿಲುಬೆ ಕಾಣುತ್ತದೆ. ಊರ ಹೊರಗೆ, ಎಲ್ಲರ ಕಣ್ಣೆದುರು, ನಮ್ಮ ನಾಚಿಕೆಯನ್ನು ಹೊತ್ತವನು ಕಾಣುತ್ತಾನೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಆದರೆ ಯೇಸು ಮುಗಿಸಲಿಲ್ಲ. ಹೊಲದಿಂದ ಹಿರಿಯ ಮಗ ಬಂದ. ವಾದ್ಯದ ಸದ್ದು ಕೇಳಿ ಆಳನ್ನು ವಿಚಾರಿಸಿದ. ಸಿಟ್ಟಾಗಿ ಹೊರಗೇ ನಿಂತ. ನನಗೆ ಒಂದು ಮೇಕೆಮರಿಯನ್ನೂ ಕೊಡಲಿಲ್ಲ ಅಂತ ಅವನ ದೂರು. ಆಸ್ತಿ ಹಂಚಿದ ದಿನವೇ ಅವನ ಪಾಲು ಅವನಿಗೆ ಬಂದಿತ್ತು, ಅದು ಕಿರಿಯವನದ್ದಕ್ಕಿಂತ ಜಾಸ್ತಿ. ಮನೆಯಲ್ಲಿ ಉಳಿದಿದ್ದೆಲ್ಲ ಅವನದ್ದೇ. ಆದರೂ ಕೂಲಿಯವನಂತೆ ಲೆಕ್ಕ ಒಪ್ಪಿಸುತ್ತಿದ್ದಾನೆ. ನಿನ್ನ ಈ ಮಗ ಅನ್ನುತ್ತಾನೆ, ತಮ್ಮ ಅನ್ನೋ ಮಾತು ಬಾಯಿಗೆ ಬರುವುದಿಲ್ಲ. ಅಪ್ಪ ಸಿಟ್ಟಾಗದೆ ನಿನ್ನ ಈ ತಮ್ಮ ಅಂತ ಸಂಬಂಧವನ್ನು ಮತ್ತೆ ಜೋಡಿಸುತ್ತಾನೆ. ಅಪ್ಪ ಆ ದಿನ ಎರಡು ಸಲ ಮನೆಯಿಂದ ಹೊರಗೆ ಬಂದ ಅನ್ನೋದನ್ನು ಗಮನಿಸಿ. ಒಂದು ಸಲ ಚಿಕ್ಕವನಿಗಾಗಿ, ಇನ್ನೊಂದು ಸಲ ದೊಡ್ಡವನಿಗಾಗಿ. ಹಿರಿಯವನು ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲಿಲ್ಲ. ಎದುರಿಗೆ ಕೂತಿದ್ದ ಫರಿಸಾಯರೇ ಅದನ್ನು ತೀರ್ಮಾನಿಸಬೇಕಿತ್ತು.

ಆ ಲಾರಿಯವರು ಊರಿಗೆ ಬಂದ ಮೇಲೆ ಮೊದಲ ಭಾನುವಾರ ಒಂದು ಸಭೆಗೆ ಹೋದರು. ಯಾವ ಸಭೆ ಅನ್ನೋದು ಬೇಡ, ಯಾವುದಾದರೂ ಆಗಬಹುದಿತ್ತು. ಮೆಟ್ಟಿಲ ಮೇಲೆ ಒಬ್ಬರು, ಇನ್ನೂ ಕುಡೀತೀಯೋ ಬಿಟ್ಟಿದ್ದೀಯೋ ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಇನ್ನೊಬ್ಬರು ಹಳೆಯ ಚೀಟಿ ದುಡ್ಡಿನ ಮಾತು ಎತ್ತಿದರು. ಒಳಗೆ ಹೋಗಿ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂತರು. ಹಾಡು ಶುರುವಾಯಿತು. ಅವರ ಹತ್ತಿರ ಪುಸ್ತಕ ಇರಲಿಲ್ಲ. ಚಾಪೆಯ ಕೊನೆಯಲ್ಲಿದ್ದ ಒಬ್ಬ ಅಜ್ಜಿ ಸರಿದು ಜಾಗ ಮಾಡಿದರು. ತಮ್ಮ ಹಾಡಿನ ಪುಸ್ತಕದಲ್ಲಿ ಪುಟ ತೆಗೆದು, ಹಾಡಿನ ಸಾಲಿನ ಮೇಲೆ ಬೆರಳಿಟ್ಟು ಅವರ ಮುಂದೆ ಹಿಡಿದರು. ಅಜ್ಜಿಗೆ ಕಣ್ಣು ಮಂಜು, ಹಾಡು ಬಾಯಲ್ಲೇ ಇತ್ತು. ಎರಡನೇ ಭಾನುವಾರವೂ ನಾನು ಬಂದದ್ದು ಆ ಅಜ್ಜಿಯಿಂದ ಅಂತ ಅವರು ಹೇಳುತ್ತಾರೆ. ಪ್ರಸಂಗ ಏನಿತ್ತು ಅನ್ನೋದು ನೆನಪೇ ಇಲ್ಲವಂತೆ. ಪ್ರಸಂಗ ಮಾಡುವ ನಮ್ಮಂಥವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅವರ ಹೆಂಡತಿ ಕೂಡಲೇ ಅವರ ಜೊತೆ ಬರಲಿಲ್ಲ. ಸಿರುಗುಪ್ಪದ ತವರಲ್ಲೇ ಉಳಿದರು. ಅದು ಸರಿಯಾದ ತೀರ್ಮಾನ ಅಂತ ನನ್ನ ಅಭಿಪ್ರಾಯ. ಕ್ಷಮಿಸು ಅಂತ ಹೇಳಿ ಹೆಣ್ಣುಮಕ್ಕಳನ್ನು ಮತ್ತೆ ಏಟು ತಿನ್ನಲು ಕಳಿಸುವವರಿದ್ದಾರೆ. ಅದು ಸುವಾರ್ತೆ ಅಲ್ಲ. ನಂಬಿಕೆ ಮತ್ತೆ ಹುಟ್ಟಲು ಕಾಲ ಬೇಕು. ಕುಡಿತದ ವಿಷಯದಲ್ಲೂ ಅಷ್ಟೇ. ಜಾಸ್ತಿ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಪ್ರಾರ್ಥನೆ ಮಾಡಿ, ಆಸ್ಪತ್ರೆಗೂ ಕರೆದುಕೊಂಡು ಹೋಗಿ. ವೈದ್ಯರ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ ಅವರ ಮಾತು ಕೇಳಬೇಡಿ.

ಸಿಕ್ಕ ಮೇಲೆ ನಡೆಯಬೇಕಾದ ದಾರಿ ಉದ್ದವಾಗಿಯೇ ಇರುತ್ತದೆ. ಜಾನ್ ನ್ಯೂಟನ್ ಹೆಸರು ಕೇಳಿದ್ದೀರಿ. ಕಳೆದುಹೋಗಿದ್ದೆ, ಸಿಕ್ಕಿದೆ ಅನ್ನುವ ಅವರ 'ಅಮೇಜಿಂಗ್ ಗ್ರೇಸ್' ಹಾಡನ್ನು ಲೋಕವೆಲ್ಲ ಹಾಡುತ್ತದೆ. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ಅವರು ದೇವರನ್ನು ಕೂಗಿದರು. ಆ ದಿನವನ್ನು ಬದುಕಿಡೀ ನೆನೆದರು. ಆದರೆ ಆಮೇಲೂ ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್ ಆಗಿದ್ದರು. 1754ರಲ್ಲಿ ಕಡಲಿನ ಕೆಲಸ ಬಿಟ್ಟದ್ದೂ ಕಾಯಿಲೆಯಿಂದ. ಆ ವ್ಯಾಪಾರ ಎಂಥ ಪಾಪ ಅಂತ ಬಹಿರಂಗವಾಗಿ ಬರೆದು ತನ್ನ ತಪ್ಪು ಒಪ್ಪಿಕೊಂಡದ್ದು 1788ರಲ್ಲಿ, 40 ವರ್ಷ ಕಳೆದ ಮೇಲೆ. ಅವರಿಗೆ ಅರಿವಾಗಲು ಹಿಡಿದ ಆ ಕಾಲಕ್ಕೆ ಬೆಲೆ ತೆತ್ತವರು ಹಡಗಿನ ತಳದಲ್ಲಿ ಸರಪಳಿ ತೊಟ್ಟಿದ್ದವರು. ಅದನ್ನು ಮರೆತು ಹಾಡಬಾರದು. ಆದರೂ ದೇವರು ಆ ಮನುಷ್ಯನನ್ನು ಕೈಬಿಡಲಿಲ್ಲ. ನಿನ್ನೆ ಮೊನ್ನೆ ಸಭೆಗೆ ಬಂದವನು ಮುಂದಿನ ತಿಂಗಳೇ ಪೂರ್ತಿ ಸರಿಯಾಗಿರಬೇಕು ಅನ್ನುವವರೂ, ದೇವರು ಕ್ಷಮಿಸಿದ್ದಾನೆ ಇನ್ನೇನೂ ತಿದ್ದಿಕೊಳ್ಳಬೇಕಿಲ್ಲ ಅನ್ನುವವರೂ ಈ ಬದುಕನ್ನು ಒಮ್ಮೆ ನೋಡಬೇಕು.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು.

ಕಾಲೇಜು ಓದುವ ಒಬ್ಬ ಹುಡುಗ ಎದ್ದು, ನಾನು ದೊಡ್ಡ ತಪ್ಪೇನೂ ಮಾಡಿಲ್ಲ, ಆದರೆ ಸಾಕ್ಷಿ ಹೇಳುವವರ ಹಾಗೆ ದೇವರು ಸಿಕ್ಕ ಅನುಭವವೂ ಆಗಿಲ್ಲ, ನಾನು ಹೊರಗಿನವನಾ ಅಂತ ಕೇಳಿದ. ಅಲ್ಲಪ್ಪ ಅಂದೆ. ಬಿರುಗಾಳಿ, ಕಣ್ಣೀರು ಎಲ್ಲರ ಬದುಕಲ್ಲೂ ಬರೋದಿಲ್ಲ. ನಾಣ್ಯಕ್ಕೆ ಏನು ಅನ್ನಿಸಿತು ಅಂತ ಯೇಸು ಹೇಳಿಲ್ಲ, ಹುಡುಕಿದವಳ ಸಂತೋಷ ಹೇಳಿದ್ದಾನೆ. ನಿನಗೆ ಏನನ್ನಿಸುತ್ತದೆ ಅನ್ನೋದರ ಮೇಲೆ ಅಳೆಯಬೇಡ. 119ನೇ ಕೀರ್ತನೆಯ ಕೊನೆಯ ವಚನವನ್ನು ದಿನಾ ಪ್ರಾರ್ಥನೆ ಮಾಡಿಕೊ, ಅಂದೆ.

ಇನ್ನೊಬ್ಬರು ಒಬ್ಬ ತಾಯಿ. ಮಗ ಬೆಂಗಳೂರಿಗೆ ದುಡಿಯಲು ಹೋದವನು ಫೋನ್ ಎತ್ತುತ್ತಿಲ್ಲ. ಆನ್‌ಲೈನ್ ಬೆಟ್ಟಿಂಗ್‌ನಲ್ಲಿ ಸಾಲ ಮಾಡಿಕೊಂಡಿದ್ದಾನೆ ಅಂತ ಜೊತೆಯ ಹುಡುಗರು ಹೇಳುತ್ತಾರೆ. ಕುರುಬನ ಹಾಗೆ ಹುಡುಕಿಕೊಂಡು ಹೋಗಲಾ, ಅಪ್ಪನ ಹಾಗೆ ದಾರಿ ನೋಡುತ್ತಾ ಕೂರಲಾ ಅಂತ ಕೇಳಿದರು. ಇಡೀ ಸಂಜೆಯಲ್ಲಿ ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದೇ. ಕುರಿಗೆ ಮನೆಯ ದಾರಿ ಗೊತ್ತಿರಲಿಲ್ಲ, ಕುರುಬ ಹೋಗಲೇಬೇಕಿತ್ತು. ಮಗನಿಗೆ ದಾರಿ ಗೊತ್ತಿತ್ತು. ಮನೆ ಈಗಲೂ ತನ್ನದೇ ಅನ್ನೋದು ಮಾತ್ರ ಗೊತ್ತಿರಲಿಲ್ಲ. ನಿಮ್ಮ ಮಗನಿಗೆ ಎರಡೂ ಬೇಕು ಅನ್ನಿಸುತ್ತದೆ ಅಮ್ಮ, ಅಂದೆ. ನಿಮ್ಮ ನಂಬರ್ ಬದಲಾಯಿಸಬೇಡಿ. ಎತ್ತದಿದ್ದರೂ ವಾರಕ್ಕೊಮ್ಮೆ ವಾಯ್ಸ್ ಮೆಸೇಜ್ ಕಳಿಸಿ. ಅದರಲ್ಲಿ ಬುದ್ಧಿವಾದ ಬೇಡ. ಎಮ್ಮೆ ಈಯಿತು, ತಂಗಿ ಪಾಸಾದಳು, ಇಂಥದ್ದು ಹೇಳಿ. ಸಾಲಕ್ಕೆ ದುಡ್ಡು ಕೇಳಿದರೆ ಅವನ ಕೈಗೆ ಕಳಿಸಬೇಡಿ, ಮತ್ತೆ ಆಟಕ್ಕೇ ಹೋಗುತ್ತದೆ. ಊರಿಗೆ ಬರುವ ಬಸ್ಸಿನ ಟಿಕೆಟ್ ಮಾಡಿಸಿ ಕೊಡಿ. ಬಂದ ದಿನ ಸಾಲದ ಮಾತು ಎತ್ತಬೇಡಿ. ಊಟ ಹಾಕಿ, ಮಲಗಲು ಬಿಡಿ. ಮರುದಿನ ಲೆಕ್ಕಕ್ಕೆ ಕೂರೋಣ, ನಾವೂ ಬರುತ್ತೇವೆ.

ಅವನನ್ನು ಸಾಯಿಸಿಬಿಟ್ಟರೇನೋ ಅಂತ ರಾತ್ರಿ ಎದ್ದು ಕೂರ್ತೀನಿ ಅಂದರು ಆ ತಾಯಿ. ಆಗ ಹಿಂದಿನ ಸಾಲಿನಲ್ಲಿದ್ದ ಆ ಲಾರಿಯವರು ಎದ್ದು ಬಂದರು. ಹುಡುಗನ ಫೋಟೋ ತಮ್ಮ ಮೊಬೈಲಿಗೆ ಹಾಕಿಸಿಕೊಂಡರು. ಯಾವ ಏರಿಯಾ, ಯಾವ ಕಂಪನಿಯಲ್ಲಿದ್ದ, ಜೊತೆಯ ಹುಡುಗರ ನಂಬರ್ ಇದೆಯಾ ಅಂತ ಒಂದೊಂದಾಗಿ ಕೇಳಿ ಬರೆದುಕೊಂಡರು. ಬೆಂಗಳೂರಿಗೆ ಲೋಡ್ ಹೋಗುವ ನಾಲ್ಕೈದು ಡ್ರೈವರ್‌ಗಳು ತಮಗೆ ಗೊತ್ತು, ಇವತ್ತೇ ಕಳಿಸುತ್ತೇನೆ ಅಂದರು. ಸಭಾಪಾಲಕರೂ ಅವರೂ ಸೇರಿ ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುತ್ತಿದ್ದಾರೆ. ತಾಯಿಯನ್ನೂ ಕರೆದುಕೊಂಡು ಹೋಗುತ್ತಾರೆ.